ಆಡಿಸದೆ ಸೋಲಿಸಿದ ತಂಡ

(ಅರ್ಜೆಂಟೀನಾದ ಮಹಿಳಾ ಫುಟ್‌ಬಾಲ್ ತಂಡವನ್ನು ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣ. ಒಂದು ಕಡೆ ಅರ್ಜೆಂಟೀನಾ, ಇನ್ನೊಂದು ಕಡೆ ಇಂಗ್ಲೆಂಡ್. ಇಷ್ಟು ಹೇಳಿದರೆ ಸಾಕು, ಈ ಸಭೆಯಲ್ಲಿರುವ ಫುಟ್‌ಬಾಲ್ ಪ್ರಿಯರು ಮುಂದಿನದನ್ನು ತಾವೇ ಹೇಳಿಬಿಡುತ್ತಾರೆ: 1986ರ ಜೂನ್ 22, ಮರಡೋನಾ, ಕೈಯಿಂದ ಒಂದು ಗೋಲು, ಎದುರಾಳಿಗಳನ್ನು ಒಬ್ಬೊಬ್ಬರಾಗಿ ದಾಟಿ ಹೋಗಿ ಇನ್ನೊಂದು. ಅದಕ್ಕಿಂತ 15 ವರ್ಷ ಮೊದಲು, 1971ರ ಆಗಸ್ಟ್ 21ರಂದು, ಅದೇ ಅಂಗಳದಲ್ಲಿ ಇಂಗ್ಲೆಂಡಿನ ಹೆಸರು ಹೊತ್ತು ಬಂದ ತಂಡವನ್ನು ಅರ್ಜೆಂಟೀನಾ 4-1ರಿಂದ ಸೋಲಿಸಿತ್ತು. ನಾಲ್ಕು ಗೋಲುಗಳನ್ನೂ ಹೊಡೆದದ್ದು ಒಬ್ಬರೇ. ಅವರ ಹೆಸರು ಎಲ್ಬಾ ಸೆಲ್ವಾ.

ಈ ಹೆಸರನ್ನು ಮೊದಲೇ ಕೇಳಿದವರು ಕೈ ಎತ್ತಿ ಎಂದು ಕೇಳಿದೆ. ಯಾರೂ ಎತ್ತಲಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅರ್ಜೆಂಟೀನಾದಲ್ಲೇ ಬಹುಕಾಲ ಈ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೂರು ಬಾರಿ ವಿಶ್ವಕಪ್ ಗೆದ್ದ, ಫುಟ್‌ಬಾಲನ್ನೇ ಉಸಿರಾಡುವ ಒಂದು ದೇಶ ತನ್ನದೇ ಗೆಲುವೊಂದನ್ನು ಹೇಗೆ ಮರೆಯಿತು, ಮರೆತದ್ದರಿಂದ ಆಟಕ್ಕೇ ಏನಾಯಿತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

1971ರ ಆ ಪಂದ್ಯ ನಡೆದದ್ದು ಮಹಿಳೆಯರ ವಿಶ್ವಕಪ್ ಎಂದು ಕರೆಯಲಾದ ಒಂದು ಟೂರ್ನಿಯಲ್ಲಿ. ವಿಶ್ವ ಫುಟ್‌ಬಾಲಿನ ಆಡಳಿತ ಸಂಸ್ಥೆಯಾದ ಫಿಫಾ ಅದನ್ನು ಇಂದಿಗೂ ವಿಶ್ವಕಪ್ ಎಂದು ಒಪ್ಪಿಕೊಂಡಿಲ್ಲ. ಅದನ್ನು ನಡೆಸಿದ್ದು ಯುರೋಪಿನ ಒಂದು ಸ್ವತಂತ್ರ ಮಹಿಳಾ ಫುಟ್‌ಬಾಲ್ ಒಕ್ಕೂಟ. ಹಣ ಹಾಕಿದ್ದು ಇಟಲಿಯ ಒಂದು ಮದ್ಯ ಕಂಪನಿ. ಫಿಫಾದ ಒಪ್ಪಿಗೆ ಇಲ್ಲದ ಆಟಕ್ಕೆ ಮೈದಾನ ಕೊಟ್ಟ ಕ್ಲಬ್ಬುಗಳಿಗೆ ದಂಡ ಬೀಳುತ್ತದೆ ಎಂಬ ಎಚ್ಚರಿಕೆ ಇತ್ತು. ಆದ್ದರಿಂದ ಪಂದ್ಯಗಳು ಫುಟ್‌ಬಾಲ್ ಸಂಸ್ಥೆಯ ಹಿಡಿತದಲ್ಲಿಲ್ಲದ ಎರಡು ಖಾಸಗಿ ಕ್ರೀಡಾಂಗಣಗಳಲ್ಲಿ ನಡೆದವು, ಮೆಕ್ಸಿಕೊ ನಗರದ ಅಜ್ಟೆಕಾ ಮತ್ತು ಗ್ವಾಡಲಹಾರಾದ ಹಲಿಸ್ಕೊ. ಬಾಗಿಲು ಮುಚ್ಚಲು ಹೋದವರ ದೆಸೆಯಿಂದಲೇ ಈ ಹೆಂಗಸರಿಗೆ ದೇಶದ ಅತಿ ದೊಡ್ಡ ಅಂಗಳ ಸಿಕ್ಕಿತು. ಆರು ತಂಡಗಳು ಬಂದವು: ಮೆಕ್ಸಿಕೊ, ಅರ್ಜೆಂಟೀನಾ, ಇಂಗ್ಲೆಂಡ್, ಡೆನ್ಮಾರ್ಕ್, ಫ್ರಾನ್ಸ್, ಇಟಲಿ. ಗೋಲ್ ಕಂಬಗಳಿಗೆ ಗುಲಾಬಿ ಬಣ್ಣದ ಪಟ್ಟೆ ಬಳಿದಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಟೂರ್ನಿಯ ಲಾಂಛನವಾಗಿದ್ದಳು. ಸಂಘಟಕರು ಆಟವನ್ನು ಒಂದು ಮೋಜಿನಂತೆ ಮಾರುತ್ತಿದ್ದರು, ನಿಜ. ಆದರೆ ಬಂದ ಜನ ಆಟವನ್ನೇ ನೋಡಿದರು. ಅರ್ಜೆಂಟೀನಾ ತನ್ನ ಮೊದಲ ಪಂದ್ಯದಲ್ಲಿ ಆತಿಥೇಯ ಮೆಕ್ಸಿಕೊ ಎದುರು 1-3ರಿಂದ ಸೋತಾಗ ಅಜ್ಟೆಕಾದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರಿದ್ದರು.

ಆ ಜನಸಾಗರದ ನಡುವೆ ನಿಂತ ಅರ್ಜೆಂಟೀನಾದ ತಂಡ ಹೇಗೆ ಬಂದಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಥೆಯ ಬೇರು ಇಲ್ಲಿದೆ. ತರಬೇತುದಾರರಿರಲಿಲ್ಲ. ವೈದ್ಯರಿರಲಿಲ್ಲ. ಕಾಲು ಉಳುಕಿದರೆ ಒತ್ತಿ ಕಟ್ಟುವವರಿರಲಿಲ್ಲ. ಊರಿನಿಂದ ತಂದ ಜರ್ಸಿಗಳು ಒಂದು ಒಗೆತಕ್ಕೆ ಕೆಟ್ಟುಹೋದವು. ಬೆಟ್ಟಿ ಗಾರ್ಸಿಯಾ ಮತ್ತು ಅವರ ಜೊತೆಗಾರ್ತಿಯರು ಹಲವು ದಶಕಗಳ ಮೇಲೆ ನೆನಪಿಸಿಕೊಂಡಂತೆ, ಅಡಿಯಲ್ಲಿ ಮೊಳೆಯಿರುವ ನಿಜವಾದ ಫುಟ್‌ಬಾಲ್ ಬೂಟುಗಳು ಅವರಿಗೆ ಸಿಕ್ಕಿದ್ದೇ ಮೆಕ್ಸಿಕೊ ತಲುಪಿದ ಮೇಲೆ. ಅಲ್ಲಿಯವರೆಗೆ ಅವರು ಆಡಿದ್ದು ಸಾದಾ ಕ್ಯಾನ್ವಾಸ್ ಬೂಟಿನಲ್ಲಿ. ಹೊಸ ಬೂಟು ಹಾಕಿಕೊಂಡು ಮೊದಲ ದಿನ ಓಡಿದವರಿಗೆ ಅದು ಹೇಗೆ ಕಚ್ಚುತ್ತದೆಂಬುದು ಗೊತ್ತು. ಮೆಕ್ಸಿಕೊದಲ್ಲಿ ನೆಲೆಸಿದ್ದ ಅರ್ಜೆಂಟೀನಾದ ಒಬ್ಬ ಮಾಜಿ ಆಟಗಾರ, ನಾರ್ಬೆರ್ಟೊ ರೋಸಾಸ್, ಇವರ ಸ್ಥಿತಿ ಕಂಡು ತರಬೇತಿಗೆ ನಿಂತರು.

ಇಂಗ್ಲೆಂಡ್ ತಂಡದ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಕಳಿಸಿದ ತಂಡವಾಗಿರಲಿಲ್ಲ. ಹ್ಯಾರಿ ಬ್ಯಾಟ್ ಎಂಬ ಉತ್ಸಾಹಿ ಕಟ್ಟಿಕೊಂಡು ಬಂದ ತಂಡ ಅದು. ಅದರಲ್ಲಿ 13 ವರ್ಷದ ಹುಡುಗಿಯೂ ಇದ್ದಳು. ಇಂಗ್ಲೆಂಡಿನ ಸಂಸ್ಥೆಯು 1921ರಲ್ಲಿ ತನ್ನ ಅಧೀನದ ಮೈದಾನಗಳಲ್ಲಿ ಮಹಿಳೆಯರ ಆಟವನ್ನು ನಿಷೇಧಿಸಿತ್ತು. ಸುಮಾರು ಅರ್ಧ ಶತಮಾನ ಮುಂದುವರಿದ ಆ ನಿಷೇಧ ಆಗಷ್ಟೇ ಕೊನೆಗೊಂಡಿತ್ತು. ಎರಡೂ ಕಡೆ ಇದ್ದವರು ತಮ್ಮ ದೇಶ ಬೇಡವೆಂದ ಆಟವನ್ನು ಬಿಡದೆ ಹಿಡಿದುಕೊಂಡವರು. ಎಲ್ಬಾ ಸೆಲ್ವಾ ಅವರ ನಾಲ್ಕು ಗೋಲುಗಳ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆಯುವುದು ಎಂದರೇನು ಎಂದು ಆಡಿದವರನ್ನು ಕೇಳಿ.

ಮುಂದೆ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ಎದುರು 0-5, ಮೂರನೇ ಸ್ಥಾನದ ಪಂದ್ಯದಲ್ಲಿ ಇಟಲಿ ಎದುರು 0-4. ನಾಲ್ಕನೆಯವರಾಗಿ ಊರಿಗೆ ಮರಳಿದರು. ಅಷ್ಟಕ್ಕೆ ಮುಗಿಯಿತು.

ಮುಗಿಯಿತು ಎಂದು ಸುಮ್ಮನೆ ಹೇಳುತ್ತಿಲ್ಲ. ಆ ಗೆಲುವಿನ ಮೇಲೆ ಏನನ್ನೂ ಕಟ್ಟಲಿಲ್ಲ. ಅರ್ಜೆಂಟೀನಾದ ಫುಟ್‌ಬಾಲ್ ಸಂಸ್ಥೆ ಮಹಿಳೆಯರ ಲೀಗ್ ಆರಂಭಿಸಿದ್ದು 1991ರಲ್ಲಿ. ರಾಷ್ಟ್ರೀಯ ತಂಡ ತನ್ನ ಮೊದಲ ಅಧಿಕೃತ ಪಂದ್ಯ ಆಡಿದ್ದು 1993ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಎಷ್ಟು ಹುಡುಗಿಯರು ಬೀದಿಯಲ್ಲಿ ಅಣ್ಣತಮ್ಮಂದಿರ ಜೊತೆ ಆಡಿ, ಹದಿನಾರಕ್ಕೋ ಹದಿನೆಂಟಕ್ಕೋ ಆಟ ಬಿಟ್ಟಿರಬೇಕು! ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈಗ ಇನ್ನೊಂದು ಅಂಕಿಗೆ ಬರೋಣ. 2007ರ ಸೆಪ್ಟೆಂಬರ್ 10, ಚೀನಾದ ಶಾಂಘೈ, ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯ. ಜರ್ಮನಿ 11, ಅರ್ಜೆಂಟೀನಾ 0. ಈ ಅಂಕಿಯನ್ನು ತೋರಿಸಿ, ನೋಡಿ, ಇವರಿಗೆ ಆಟವೇ ಬರುವುದಿಲ್ಲ ಎಂದವರು ಬಹಳ. ನೀರೇ ಹಾಯಿಸದ ಗದ್ದೆಯ ಬದುವಿನಲ್ಲಿ ನಿಂತು ಮಣ್ಣು ಬರಡು ಎಂದಂತೆ ಆ ಮಾತು. ಏಕೆಂದರೆ ಅದಕ್ಕೆ ಒಂದು ವರ್ಷದ ಹಿಂದಷ್ಟೇ, 2006ರಲ್ಲಿ, ಮಾರ್ ದೆಲ್ ಪ್ಲಾಟಾ ಎಂಬ ಕಡಲತೀರದ ಊರಿನಲ್ಲಿ ಇದೇ ತಂಡ ಬ್ರೆಜಿಲನ್ನು 2-0ರಿಂದ ಸೋಲಿಸಿ ದಕ್ಷಿಣ ಅಮೆರಿಕದ ಚಾಂಪಿಯನ್ ಆಗಿತ್ತು. 1991ರಲ್ಲಿ ಶುರುವಾದ ಆ ಟೂರ್ನಿಯನ್ನು ಬ್ರೆಜಿಲ್ ಬಿಟ್ಟು ಬೇರೆ ದೇಶವೊಂದು ಗೆದ್ದದ್ದು ಆ ಒಂದೇ ಸಲ. ಪ್ರತಿಭೆ ಇಲ್ಲದ ತಂಡಕ್ಕೆ ಬ್ರೆಜಿಲನ್ನು ಸೋಲಿಸಲು ಆಗುತ್ತದೆಯೇ? ಅವರಿಗೆ ಕೊರತೆಯಾಗಿದ್ದದ್ದು ಪಂದ್ಯಗಳು. ಜರ್ಮನಿಯ ಆಟಗಾರ್ತಿಯರು ವರ್ಷವಿಡೀ ಯುರೋಪಿನ ಬಲಿಷ್ಠರ ಜೊತೆ ಆಡಿ ಪಳಗಿದ್ದರು. ಇವರು ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು, ದೊಡ್ಡ ಟೂರ್ನಿ ಮುಗಿದರೆ ತಂಡವೇ ಚದುರಿಹೋಗುತ್ತಿತ್ತು.

ಆ 11 ಗೋಲುಗಳ ದಿನ ಬಲೆಯ ಮುಂದೆ ನಿಂತಿದ್ದವರು ವನಿನಾ ಕೊರ್ರೆಯಾ. ಈ ಹೆಸರನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

2015ರ ನಂತರ ಆದದ್ದು ಇನ್ನೂ ಕೆಟ್ಟದ್ದು. ಟೊರಾಂಟೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಬಳಿಕ ಸುಮಾರು ಎರಡು ವರ್ಷ ರಾಷ್ಟ್ರೀಯ ತಂಡಕ್ಕೆ ಒಂದು ಪಂದ್ಯವೂ ಇರಲಿಲ್ಲ. ಫಿಫಾ ಶ್ರೇಯಾಂಕ ಪಟ್ಟಿಯಿಂದ ಹೆಸರು ಬಿಟ್ಟುಹೋಯಿತು. ಮೆಸ್ಸಿ ಆಡುತ್ತಿದ್ದ ಕಾಲದಲ್ಲಿ, ಅದೇ ಬಿಳಿ ನೀಲಿ ಪಟ್ಟೆಯ ಜರ್ಸಿಯ ಮಹಿಳಾ ತಂಡ ಇದೆಯೋ ಇಲ್ಲವೋ ಎಂಬ ಸ್ಥಿತಿ! 2017ರಲ್ಲಿ ತಂಡವನ್ನು ಮತ್ತೆ ಕಟ್ಟಿ ಉರುಗ್ವೆಗೆ ಸ್ನೇಹಪಂದ್ಯಕ್ಕೆ ಕಳಿಸಿದಾಗ ಆಟಗಾರ್ತಿಯರು ಬಸ್ಸಿನಲ್ಲೇ ನಿದ್ದೆ ಮಾಡಿ, ಇಳಿದು ಆಡಿ, ಹಿಂದಿರುಗಿದರು. ಅಭ್ಯಾಸಕ್ಕೆ ಬಂದರೆ ಕೊಡಬೇಕಾಗಿದ್ದ ಭತ್ಯೆ 150 ಪೆಸೊ, ಆಗಿನ ಲೆಕ್ಕದಲ್ಲಿ ಹತ್ತು ಡಾಲರಿಗಿಂತ ಕಡಿಮೆ. ಅದೂ ಸಮಯಕ್ಕೆ ಬರುತ್ತಿರಲಿಲ್ಲ.

ಅವರು ಆಡುವುದಿಲ್ಲ ಎಂದರು. ಆ ವರ್ಷ ಸಂಸ್ಥೆಗೆ ಬರೆದ ಪತ್ರದಲ್ಲಿದ್ದ ಬೇಡಿಕೆಗಳನ್ನು ಓದಿದರೆ ಕರುಳು ಚುರುಕ್ಕೆನ್ನುತ್ತದೆ. ಬಾಕಿ ಭತ್ಯೆ ಕೊಡಿ. ಹುಲ್ಲಿರುವ ಮೈದಾನ ಕೊಡಿ. ಬಟ್ಟೆ ಬದಲಿಸಲು ಸರಿಯಾದ ಕೋಣೆ ಕೊಡಿ. ಒಂದು ರಾಷ್ಟ್ರೀಯ ತಂಡ ಕೇಳಿದ್ದು ಇಷ್ಟೇ.

2018ರ ಏಪ್ರಿಲ್‌ನಲ್ಲಿ ಚಿಲಿಯಲ್ಲಿ ಕೋಪಾ ಅಮೆರಿಕ, ಅಂದರೆ ದಕ್ಷಿಣ ಅಮೆರಿಕದ ಚಾಂಪಿಯನ್ ಯಾರೆಂದು ನಿರ್ಧರಿಸುವ ಟೂರ್ನಿ, ನಡೆಯಿತು. ಕೊಲಂಬಿಯಾ ಎದುರಿನ ಪಂದ್ಯಕ್ಕೆ ಮೊದಲು ತಂಡದ ಛಾಯಾಚಿತ್ರ ತೆಗೆಯುವಾಗ ಹನ್ನೊಂದು ಮಂದಿಯೂ ತಮ್ಮ ಅಂಗೈಗಳನ್ನು ಕಿವಿಯ ಹಿಂದೆ ಇಟ್ಟುಕೊಂಡು ನಿಂತರು. ಅರ್ಜೆಂಟೀನಾದವರಿಗೆ ಈ ಭಂಗಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದೂರದರ್ಶನದಲ್ಲಿ ಬರುತ್ತಿದ್ದ ತೊಪೊ ಜೀಜೊ ಎಂಬ ಅಗಲ ಕಿವಿಯ ಇಲಿಬೊಂಬೆಯ ಹೆಸರು ಅದಕ್ಕಿದೆ. 2001ರಲ್ಲಿ ಬೋಕಾ ಜೂನಿಯರ್ಸ್‌ನ ರಿಕೆಲ್ಮೆ ಗೋಲು ಹೊಡೆದು, ತಮ್ಮ ಕ್ಲಬ್ಬಿನ ಅಧ್ಯಕ್ಷರತ್ತ ತಿರುಗಿ, ಹೀಗೇ ಕಿವಿಗೆ ಕೈ ಹಿಡಿದು ನಿಂತಿದ್ದರು. ಆ ಅಧ್ಯಕ್ಷರು ಮುಂದೆ ದೇಶದ ಅಧ್ಯಕ್ಷರೂ ಆದ ಮಾಕ್ರಿ. ನಮ್ಮ ಮಾತು ನಿಮಗೆ ಕೇಳಿಸುತ್ತಿಲ್ಲ ಎಂದು ಬಾಯಿ ತೆರೆಯದೆ ಹೇಳುವ ಬಗೆ ಇದು. ಆಟಗಾರ್ತಿಯರು ಹಾಗೆ ನಿಂತು ಚಿತ್ರ ತೆಗೆಸಿಕೊಂಡು, ಪಂದ್ಯವನ್ನು 3-1ರಿಂದ ಗೆದ್ದರು. ಮೂರನೇ ಸ್ಥಾನ ಪಡೆದರು. ವಿಶ್ವಕಪ್ ಅರ್ಹತೆಗೆ ಪನಾಮಾ ಜೊತೆ ಎರಡು ಪಂದ್ಯ ಆಡುವುದು ಉಳಿಯಿತು.

ಮೊದಲ ಪಂದ್ಯ 2018ರ ನವೆಂಬರ್ 8ರಂದು, ಬ್ಯೂನಸ್ ಐರಿಸ್ ಪಕ್ಕದ ಸರಾಂದಿಯಲ್ಲಿ. ಟಿಕೆಟ್ಟುಗಳೆಲ್ಲ ಖಾಲಿಯಾದವು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ. ಅರ್ಜೆಂಟೀನಾ 4-0. ಪನಾಮಾಕ್ಕೆ ಹೋಗಿ ಆಡಿದ ಪಂದ್ಯ 1-1. ಹನ್ನೆರಡು ವರ್ಷಗಳ ಬಳಿಕ ವಿಶ್ವಕಪ್ ಅಂಗಳಕ್ಕೆ ದಾರಿ ತೆರೆಯಿತು.

ಇದರ ಹಿಂದೆ ದೇಶದಲ್ಲೇ ಎದ್ದಿದ್ದ ಒಂದು ಗಾಳಿಯೂ ಇತ್ತು. 2015ರಿಂದ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದಿದ್ದರು. 'ನಿ ಊನಾ ಮೆನೊಸ್', ಇನ್ನು ಒಬ್ಬಳೂ ಕಡಿಮೆಯಾಗಬಾರದು ಎಂಬುದು ಅವರ ಕೂಗು. ಆ ಮೆರವಣಿಗೆಗಳನ್ನು ನೋಡಿ ಬೆಳೆದ ತಲೆಮಾರು ಮೈದಾನದಲ್ಲೂ ತಲೆ ತಗ್ಗಿಸಲು ಒಪ್ಪಲಿಲ್ಲ. 2019ರ ಜನವರಿಯಲ್ಲಿ ಮಕರೇನಾ ಸಾಂಚೆಸ್ ಎಂಬ ಫಾರ್ವರ್ಡ್ ಆಟಗಾರ್ತಿಯನ್ನು ಅವರ ಕ್ಲಬ್ ಋತುವಿನ ನಡುವೆ ಕೈಬಿಟ್ಟಿತು. ನಿಯಮದ ಪ್ರಕಾರ ಬೇರೆ ಕ್ಲಬ್ ಸೇರುವಂತೆಯೂ ಇರಲಿಲ್ಲ. ಅವರು ಕ್ಲಬ್ಬಿನ ಮೇಲೂ ದೇಶದ ಫುಟ್‌ಬಾಲ್ ಸಂಸ್ಥೆಯ ಮೇಲೂ ಕಾನೂನು ಹೋರಾಟಕ್ಕೆ ಇಳಿದರು: ನಾನು ಇಲ್ಲಿ ದುಡಿಯುವವಳು, ನನ್ನನ್ನು ಕೆಲಸಗಾರ್ತಿ ಎಂದು ಗುರುತಿಸಿ. ಕೊಲ್ಲುತ್ತೇವೆಂಬ ಬೆದರಿಕೆಗಳು ಬಂದವು. ಹಿಂದೆ ಸರಿಯಲಿಲ್ಲ. ಎರಡೇ ತಿಂಗಳಲ್ಲಿ, ಮಾರ್ಚ್ 16ರಂದು, ಮಹಿಳೆಯರ ಲೀಗ್ ವೃತ್ತಿಪರವಾಗಲಿದೆ ಎಂದು ಸಂಸ್ಥೆ ಪ್ರಕಟಿಸಿತು. ಪ್ರಥಮ ದರ್ಜೆಯ ಪ್ರತಿ ಕ್ಲಬ್ ಕನಿಷ್ಠ ಎಂಟು ಆಟಗಾರ್ತಿಯರಿಗೆ ಒಪ್ಪಂದ ಕೊಡಬೇಕು. ಹನ್ನೊಂದು ಜನರ ಆಟದಲ್ಲಿ ಎಂಟು ಸಂಬಳ! ಆದರೂ ಅದೊಂದು ಆರಂಭ. ಅರ್ಜೆಂಟೀನಾದಲ್ಲಿ ಪುರುಷರ ಫುಟ್‌ಬಾಲ್ ವೃತ್ತಿಪರವಾದದ್ದು 1931ರಲ್ಲಿ. ನಡುವೆ 88 ವರ್ಷ.

ಆಮೇಲೆ ಫ್ರಾನ್ಸ್. ಈ ಭಾಗವನ್ನು ಹೇಳುವಾಗ ನನಗೆ ಪ್ರತಿಸಲ ಗಂಟಲು ಕಟ್ಟುತ್ತದೆ.

2019ರ ಜೂನ್ 10, ಪ್ಯಾರಿಸ್, ಎದುರಾಳಿ ಜಪಾನ್: 2011ರ ಚಾಂಪಿಯನ್, 2015ರ ರನ್ನರ್ ಅಪ್. ಪಂದ್ಯ ಗೋಲಿಲ್ಲದೆ 0-0 ಆಯಿತು. ಸೀಟಿ ಊದಿದಾಗ ಅರ್ಜೆಂಟೀನಾದ ಹುಡುಗಿಯರು ಕಪ್ ಗೆದ್ದವರ ಹಾಗೆ ಒಬ್ಬರನ್ನೊಬ್ಬರು ಅಪ್ಪಿ ಅತ್ತರು. ಡ್ರಾ ಮಾಡಿಕೊಂಡು ಅಳುವುದೇನು ಎಂದು ಕೆಲವರಿಗೆ ಅನ್ನಿಸಿರಬಹುದು. ಅದು ವಿಶ್ವಕಪ್‌ನಲ್ಲಿ ಅವರ ದೇಶ ಪಡೆದ ಮೊತ್ತಮೊದಲ ಅಂಕ. 2003ರಲ್ಲಿ ಮೂರು ಸೋಲು, 2007ರಲ್ಲಿ ಮೂರು ಸೋಲು, ಆರೂ ಪಂದ್ಯಗಳಿಂದ ಶೂನ್ಯ. ಆ ದಿನ ಬಲೆ ಕಾಯ್ದವರು ವನಿನಾ ಕೊರ್ರೆಯಾ, ಶಾಂಘೈನಲ್ಲಿ 11 ಗೋಲು ಬಿಟ್ಟುಕೊಟ್ಟ ಅದೇ ವನಿನಾ. ನಡುವೆ ಅವರು ಆಟ ಬಿಟ್ಟಿದ್ದರು. ಅವಳಿ ಮಕ್ಕಳ ತಾಯಿಯಾಗಿದ್ದರು. ರೊಸಾರಿಯೊ ಬಳಿಯ ಒಂದು ಪುರಸಭೆಯಲ್ಲಿ ಹಣ ಕಟ್ಟಿಸಿಕೊಳ್ಳುವ ಕ್ಯಾಷಿಯರ್ ಆಗಿದ್ದರು. 35ನೇ ವಯಸ್ಸಿನಲ್ಲಿ ಮತ್ತೆ ಕೈಗವಸು ತೊಟ್ಟು ಬಂದಿದ್ದರು. ನಾಲ್ಕು ದಿನಗಳ ನಂತರ ಇಂಗ್ಲೆಂಡ್ ಎದುರು ನಿಕಿತಾ ಪ್ಯಾರಿಸ್ ಹೊಡೆದ ಪೆನಾಲ್ಟಿಯನ್ನು ಎಗರಿ ತಡೆದರು. ಆ ಪಂದ್ಯ 0-1ರಿಂದ ಹೋಯಿತು, ಆದರೆ ಇಂಗ್ಲೆಂಡ್ ಒಂದು ಗೋಲಿಗಾಗಿ ಒಂದು ಗಂಟೆ ಹೆಣಗಬೇಕಾಯಿತು.

ಮೂರನೆಯದು ಸ್ಕಾಟ್ಲೆಂಡ್ ಜೊತೆ, ಜೂನ್ 19. ಎಪ್ಪತ್ತನೇ ನಿಮಿಷದ ಹೊತ್ತಿಗೆ ಅರ್ಜೆಂಟೀನಾ 0-3ರಿಂದ ಹಿಂದಿತ್ತು. 74ನೇ ನಿಮಿಷದಲ್ಲಿ ಮಿಲಾಗ್ರೊಸ್ ಮೆನೆಂದೆಸ್ ಒಂದು ಗೋಲು ಹೊಡೆದರು. ವಿಶ್ವಕಪ್‌ನಲ್ಲಿ ತಂಡಕ್ಕೆ 2007ರ ನಂತರ ಬಂದ ಮೊದಲ ಗೋಲು. ಐದು ನಿಮಿಷದಲ್ಲಿ ಫ್ಲೊರೆನ್ಸಿಯಾ ಬೊನ್ಸೆಗುಂದೊ ದೂರದಿಂದ ಹೊಡೆದ ಚೆಂಡು ಅಡ್ಡಪಟ್ಟಿಗೆ ತಗುಲಿ ಗೋಲ್‌ಕೀಪರ್ ಮೈಗೆ ತಾಗಿ ಒಳಗೆ ಹೋಯಿತು. 2-3. ಹೆಚ್ಚುವರಿ ಸಮಯದಲ್ಲಿ ವಿಡಿಯೊ ನೋಡಿ ರೆಫರಿ ಪೆನಾಲ್ಟಿ ಕೊಟ್ಟರು. ಬೊನ್ಸೆಗುಂದೊ ಹೊಡೆದರು. ಕೀಪರ್ ತಡೆದರು. ಎಲ್ಲ ಮುಗಿಯಿತೆಂದುಕೊಳ್ಳುವಷ್ಟರಲ್ಲಿ, ಕೀಪರ್ ಗೆರೆ ಬಿಟ್ಟು ಮುಂದೆ ಬಂದಿದ್ದರೆಂದು ಮತ್ತೆ ಹೊಡೆಯಲು ಹೇಳಿದರು. ಒಮ್ಮೆ ತಪ್ಪಿದ ಕಾಲನ್ನೇ ನಂಬಿ ಆಕೆ ಎರಡನೇ ಬಾರಿ ಚೆಂಡಿನ ಮುಂದೆ ನಿಂತರು. ಈ ಸಲ ಚೆಂಡು ಬಲೆ ಸೇರಿತು. 3-3. ಅವರು ಮುಂದಿನ ಸುತ್ತಿಗೆ ಹೋಗಲಿಲ್ಲ. ಆದರೆ ಆ ಕೊನೆಯ ಇಪ್ಪತ್ತು ನಿಮಿಷ ಅರ್ಜೆಂಟೀನಾದ ಹುಡುಗಿಯರಿಗೆ ಕೊಟ್ಟದ್ದನ್ನು ಯಾವ ಕಪ್ಪೂ ಕೊಡಲಾರದು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಸತ್ಯ ಮಾತ್ರ ಅರ್ಧವಾಗುತ್ತದೆ. ಆ ವಿಶ್ವಕಪ್ ಮುಗಿದ ಮೇಲೆ, ತರಬೇತುದಾರರ ಕ್ರಮವನ್ನು ಟೀಕಿಸಿದ ನಾಯಕಿ ಎಸ್ತೆಫಾನಿಯಾ ಬನಿನಿ ಮತ್ತು ಇನ್ನೂ ಕೆಲವರು ತಂಡದಿಂದ ಹೊರಗುಳಿದರು. ತಂಡದ ಅತ್ಯಂತ ಕುಶಲ ಆಟಗಾರ್ತಿ ಎಂದರೆ ನನ್ನ ಮಟ್ಟಿಗೆ ಬನಿನಿಯೇ. ಅವರು ಮತ್ತೆ ಬಂದದ್ದು ತರಬೇತುದಾರರು ಬದಲಾದ ಮೇಲೆ, 2022ರ ಕೋಪಾ ಅಮೆರಿಕಕ್ಕೆ. ಅಲ್ಲಿ ಪರಾಗ್ವೆಯನ್ನು 3-1ರಿಂದ ಮಣಿಸಿ ತಂಡ ಮೂರನೇ ಸ್ಥಾನ ಪಡೆಯಿತು, ಯಮಿಲಾ ರೊಡ್ರಿಗೆಸ್ ಟೂರ್ನಿಯಲ್ಲೇ ಹೆಚ್ಚು ಗೋಲು ಹೊಡೆದರು. 2023ರ ವಿಶ್ವಕಪ್‌ನಲ್ಲಿ ಇಟಲಿ ಎದುರು ಪಂದ್ಯ ಮುಗಿಯುವ ಹೊತ್ತಿಗೆ ಬಿದ್ದ ಒಂದು ಗೋಲಿನಿಂದ ಸೋಲು. ದಕ್ಷಿಣ ಆಫ್ರಿಕಾ ಎದುರು 0-2ರಿಂದ ಎದ್ದು 2-2. ಸ್ವೀಡನ್ ಎದುರು ಸೋಲು. ನಾಲ್ಕು ವಿಶ್ವಕಪ್, ಹನ್ನೆರಡು ಪಂದ್ಯ, ಮೂರು ಡ್ರಾ, ಒಂಬತ್ತು ಸೋಲು. ಗೆಲುವು ಇನ್ನೂ ಬಂದಿಲ್ಲ.

2024ರ ಮೇ ತಿಂಗಳಲ್ಲಿ ಗೋಲ್‌ಕೀಪರ್ ಲೌರಿನಾ ಒಲಿವೆರೊಸ್, ಹುಲಿಯೆತಾ ಕ್ರೂಸ್, ಲೊರೆನಾ ಬೆನಿತೆಸ್ ಸ್ನೇಹಪಂದ್ಯಕ್ಕೆ ಮೊದಲು ತಂಡವನ್ನು ಬಿಟ್ಟು ಹೊರನಡೆದರು. ಸ್ವದೇಶದಲ್ಲಿ ನಡೆಯುವ ಶಿಬಿರಕ್ಕೆ ಹಣ ಕೊಡುತ್ತಿಲ್ಲ, ಊಟವೆಂದು ಹಂದಿಮಾಂಸ ಚೀಸ್ ಇಟ್ಟ ಒಂದು ಸ್ಯಾಂಡ್‌ವಿಚ್ ಮತ್ತು ಒಂದು ಬಾಳೆಹಣ್ಣು ಕೊಟ್ಟರು ಎಂದರು. ಪುರುಷರ ತಂಡ ಕತಾರ್‌ನಲ್ಲಿ ವಿಶ್ವಕಪ್ ಎತ್ತಿ ಆಗ ಒಂದೂವರೆ ವರ್ಷವೂ ಆಗಿರಲಿಲ್ಲ.

ಸಭಿಕರೊಬ್ಬರು ಇಲ್ಲಿ ಎದ್ದು ಕೇಳಿದರು: ನೋಡುವವರೇ ಇಲ್ಲದಿದ್ದರೆ ಸಂಸ್ಥೆ ದುಡ್ಡನ್ನು ಎಲ್ಲಿಂದ ತರಬೇಕು? ನೇರವಾದ ಪ್ರಶ್ನೆ, ನೇರವಾಗಿಯೇ ಉತ್ತರಿಸುತ್ತೇನೆ. ಟೂರ್ನಿಯನ್ನು ಜನರ ಮುಂದೆ ಇಟ್ಟಾಗ 1971ರಲ್ಲಿ ಅಜ್ಟೆಕಾ ತುಂಬಿತು. ಮಹತ್ವದ ಪಂದ್ಯವನ್ನು ಊರಿನಲ್ಲೇ ಆಡಿಸಿದಾಗ ಸರಾಂದಿ ತುಂಬಿತು. ಎರಡು ವರ್ಷ ಪಂದ್ಯವನ್ನೇ ಏರ್ಪಡಿಸದ ತಂಡವನ್ನು ಯಾರು ಎಲ್ಲಿ ಹೋಗಿ ನೋಡಬೇಕಿತ್ತು? ಪ್ರೇಕ್ಷಕರಿಲ್ಲ ಎಂಬ ವಾದವನ್ನು ನಾನು ಒಪ್ಪಬೇಕಾದರೆ ಮೊದಲು ಪಂದ್ಯಗಳಿರಬೇಕು.

1971ರ ಆ ಹಿರಿಯರಿಗೆ ಗೌರವ ಸಿಕ್ಕಿತೇ ಎಂಬುದು ಇನ್ನೊಬ್ಬರ ಪ್ರಶ್ನೆ. ತಡವಾಗಿ ಸಿಕ್ಕಿತು. ಹಳೆಯ ಆಟಗಾರ್ತಿಯರು ಒಬ್ಬರನ್ನೊಬ್ಬರು ಹುಡುಕಿ ಸೇರಿ, ಮನೆಯಲ್ಲಿ ಉಳಿದಿದ್ದ ಚಿತ್ರಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಹೊರತೆಗೆದರು. ತಮ್ಮ ಇತಿಹಾಸವನ್ನು ತಾವೇ ಕಾಪಾಡಿದರು ಎನ್ನಬೇಕು. ಇಂದು ಆಗಸ್ಟ್ 21 ಅರ್ಜೆಂಟೀನಾದಲ್ಲಿ ಫುಟ್‌ಬಾಲ್ ಆಟಗಾರ್ತಿಯರ ದಿನ. ಎಲ್ಬಾ ಸೆಲ್ವಾ ಅವರ ನಾಲ್ಕು ಗೋಲುಗಳ ದಿನ ಅದು.

2027ರ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಮಹಿಳೆಯರ ವಿಶ್ವಕಪ್ ದಕ್ಷಿಣ ಅಮೆರಿಕಕ್ಕೆ ಬರುತ್ತಿರುವುದು ಇದೇ ಮೊದಲು. ಇಲ್ಲಿಯವರೆಗೆ ಆ ಖಂಡದಿಂದ ಅರ್ಹತೆ ನಿರ್ಧಾರವಾಗುತ್ತಿದ್ದುದು ಕೆಲವು ವಾರಗಳ ಒಂದು ಟೂರ್ನಿಯಲ್ಲಿ, ಅದು ಮುಗಿದರೆ ತಂಡಗಳು ಮತ್ತೆ ಮರೆಗೆ ಸರಿಯುತ್ತಿದ್ದವು. ಈ ಬಾರಿ ಪುರುಷರಿಗೆ ಇರುವಂತೆ, ತವರಿನಲ್ಲೂ ಪರಸ್ಥಳದಲ್ಲೂ ತಿಂಗಳುಗಳ ಕಾಲ ಆಡುವ ಲೀಗ್ ಒಂದನ್ನು 2025ರಿಂದ ಶುರುಮಾಡಿದ್ದಾರೆ. ಪ್ರತಿ ತಂಡಕ್ಕೂ ಎಂಟು ಪಂದ್ಯ. 2015ರಿಂದ 2017ರ ನಡುವೆ ಒಂದೂ ಪಂದ್ಯ ಸಿಗದಿದ್ದ ತಂಡಕ್ಕೆ ಎಂಟು ಪಂದ್ಯ, ಅದರಲ್ಲಿ ನಾಲ್ಕು ತಮ್ಮ ಜನರ ಎದುರು. ಈ ತಂಡ ವಿಶ್ವಕಪ್‌ನಲ್ಲಿ ಗೆಲ್ಲುತ್ತದೆಯೇ ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಆಡಲು ಬಿಟ್ಟರೆ ಗೆಲ್ಲುತ್ತದೆ ಎಂದು ಹೇಳಿದೆ.